ಎರಡನೇ ತೂಕ

ಈ ಜಗತ್ತಿನಲ್ಲಿ ಏನಾದರೂ ಆಗುವುದು ಸುಲಭ, ಆದದ್ದಾಗಿಯೇ ಉಳಿಯುವುದು ಮಹಾ ಕಷ್ಟ. ರಾಜರು ರಾಜರಾಗಿ ಉಳಿಯಲಿಲ್ಲ. ಸನ್ಯಾಸಿಗಳಲ್ಲಿ ಸನ್ಯಾಸಿಗಳಾಗಿ ಉಳಿದವರು ಕಡಿಮೆ. ಬೆಳಿಗ್ಗೆ ಬೇಯಿಸಿದ ಇಡ್ಲಿ ಕೂಡ ಮಧ್ಯಾಹ್ನದ ಹೊತ್ತಿಗೆ ಇಡ್ಲಿಯಾಗಿ ಉಳಿದಿರುವುದಿಲ್ಲ. ಈ ಗಂಭೀರ ಸತ್ಯ ನನಗೆ ಧ್ಯಾನದಲ್ಲಿ ಹೊಳೆದದ್ದಲ್ಲ. ಅಮೆರಿಕದ ವೈದ್ಯ ಮಂಡಳಿಯೊಂದರ ಇಮೇಲಿನಲ್ಲಿ ಬಂದದ್ದು.

ಇಮೇಲಿನ ಸಾರಾಂಶ ಇಷ್ಟು: ಮಾನ್ಯ ಡಾಕ್ಟರೇ, ತಾವು ವ್ಯಸನ ಚಿಕಿತ್ಸೆಯಲ್ಲಿ ನಮ್ಮಿಂದ ಪ್ರಮಾಣಪತ್ರ ಪಡೆದ ತಜ್ಞರು. ಹಾಗೆಯೇ ಮುಂದುವರಿಯುವ ಇಚ್ಛೆ ಇದ್ದಲ್ಲಿ, ತಮ್ಮ ದಿನನಿತ್ಯದ ವೃತ್ತಿಯಲ್ಲಿ ಒಂದು ಸುಧಾರಣೆ ಮಾಡಿ, ಮಾಡುವ ಮೊದಲು ಹೇಗಿತ್ತು, ಮಾಡಿದ ಮೇಲೆ ಹೇಗಾಯಿತು ಎಂಬ ವರದಿಯನ್ನು ಡಿಸೆಂಬರ್ ಮುಗಿಯುವುದರೊಳಗೆ ಕಳಿಸತಕ್ಕದ್ದು. ತಪ್ಪಿದಲ್ಲಿ ಪ್ರಮಾಣಪತ್ರ ರದ್ದಾಗುವುದು. ಮತ್ತೆ ಬೇಕಾದಲ್ಲಿ ಪೂರ್ತಿ ಪರೀಕ್ಷೆಯನ್ನು ಹೊಸದಾಗಿ ಬರೆಯತಕ್ಕದ್ದು.

ನನಗೆ ಅರವತ್ತೊಂದು ವರ್ಷ. ಇತ್ತೀಚೆಗೆ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಹಂತ ತಲುಪಿದ್ದೇನೆ. ಪೂರ್ತಿ ಪರೀಕ್ಷೆ ಎಂಬ ಎರಡು ಪದ ಓದಿದವನೇ ಅಡುಗೆಮನೆಗೆ ಓಡಿದೆ.

"ಹತ್ತು ವರ್ಷದಿಂದ ಸರ್ಟಿಫಿಕೇಟು ಗೋಡೆ ಮೇಲಿದೆಯಲ್ಲ. ಇನ್ನೇನು ಬೇಕಂತೆ ಅವರಿಗೆ?" ಎಂದಳು ನನ್ನ ಪತ್ನಿ ಪದ್ಮಜ.

"ತಜ್ಞ ಆದ ಮೇಲೆ ತಜ್ಞನಾಗಿ ಉಳೀಬೇಕು ಕಣೇ. ಪ್ರತಿ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡ್ತಾನೇ ಇರ್ತಾರೆ. ನೀನೇ ಹೇಳು, ಗಂಡನಾದವನು ಗಂಡನಾಗಿ ಉಳಿದಿದಾನೋ ಇಲ್ವೋ ಅಂತ ಯಾರಾದ್ರೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡ್ತಾರಾ?"

"ನಾನು ದಿನಾ ಮಾಡ್ತೀನಿ," ಎಂದಳು ಪದ್ಮಜ. "ಫಲಿತಾಂಶ ಹೇಳಿಲ್ಲ ಅಷ್ಟೆ."

ನಾನು ತಜ್ಞನಾದ ಕಥೆ ಚಿಕ್ಕದು. ಮೈಸೂರಿನಲ್ಲಿ ಓದಿ, ಓಹಾಯೋದಲ್ಲಿ ಸಾಮಾನ್ಯ ವೈದ್ಯನಾಗಿ ಒಂದು ಮಂಡಳಿಯ ಪರೀಕ್ಷೆ ಮುಗಿಸಿ, ಅಲ್ಲಿನ ವ್ಯಸನ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದೆ. ದುಡಿದರೆ ಸಾಲದು, ದುಡಿದ ಗಂಟೆಗಳನ್ನು ಒಂದೊಂದಾಗಿ ಬರೆದಿಡಬೇಕು. ಬರೆದರೆ ಸಾಲದು, ನಿಜ ಎಂದು ಹಿರಿಯರು ಪತ್ರ ಕೊಡಬೇಕು. ಆಮೇಲೆ ಇಡೀ ದಿನದ ಪರೀಕ್ಷೆ. ಪರೀಕ್ಷಾ ಕೇಂದ್ರದಲ್ಲಿ ಅಂಗೈ ಯಂತ್ರಕ್ಕೆ ಒತ್ತಿಸಿಕೊಂಡರು, ಜೇಬುಗಳನ್ನು ಹೊರಕ್ಕೆ ತಿರುಗಿಸಲು ಹೇಳಿದರು, ಕರವಸ್ತ್ರವನ್ನು ಬಿಡಿಸಿ ನೋಡಿದರು. ಮದುವೆಗೆ ಮುಂಚೆ ನಮ್ಮ ಮಾವನವರು ಕೂಡ ನನ್ನನ್ನು ಇಷ್ಟು ಕೂಲಂಕಷವಾಗಿ ನೋಡಿರಲಿಲ್ಲ. ಪಾಸಾದೆ. ಚಿನ್ನದ ಬಣ್ಣದ ಮುದ್ರೆಯಿದ್ದ ಪ್ರಮಾಣಪತ್ರ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದುಬೈಗೆ ಬಂದು, ಕರಾಮದಲ್ಲಿ ಒಂದು ದೋಸೆ ಹೋಟೆಲಿನ ಮೇಲೆ ಚಿಕ್ಕ ಕ್ಲಿನಿಕ್ ತೆರೆದು, ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆದೆ.

ಉಳಿಯುವ ಕಥೆ ದೊಡ್ಡದು. ಅದು ಒಂದು ವ್ರತ. ಲೈಸೆನ್ಸಿಗೆ ಕಪ್ಪು ಚುಕ್ಕೆ ತಗುಲಬಾರದು. ವರ್ಷವರ್ಷವೂ ಇಂತಿಷ್ಟು ಗಂಟೆ ಹೊಸ ಪಾಠ ಕೇಳಬೇಕು. ಮೂರು ತಿಂಗಳಿಗೊಮ್ಮೆ ಆನ್‌ಲೈನ್ ಪ್ರಶ್ನೆಗಳಿಗೆ ಉತ್ತರಿಸಬೇಕು. ಪುಸ್ತಕ ನೋಡಬಹುದು, ಇನ್ನೊಬ್ಬ ಮನುಷ್ಯನನ್ನು ಕೇಳುವಂತಿಲ್ಲ. ಒಂದೊಂದು ಪ್ರಶ್ನೆಗೂ ಮೇಲೆ ಗಡಿಯಾರ ಓಡುತ್ತಿರುತ್ತದೆ. ಭಾನುವಾರ ಬೆಳಿಗ್ಗೆ ನಾನು ಮಡಿಯಲ್ಲಿ ಕೂತವನಂತೆ ಕೋಣೆಯಲ್ಲಿ ಕೂತರೆ ಪದ್ಮಜ ಬಾಗಿಲಾಚೆಯಿಂದ "ರೀ, ಕೊತ್ತಂಬರಿ ಸೊಪ್ಪು ಎಲ್ಲಿಟ್ರಿ?" ಎಂದು ಕೇಳುತ್ತಾಳೆ. ಆ ಪ್ರಶ್ನೆಗೂ ಗಡಿಯಾರ ಓಡುತ್ತಿರುತ್ತದೆ.

ಆ ಸೆಪ್ಟೆಂಬರಿನ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ತಂಬಾಕಿನ ಅಭ್ಯಾಸದ ಬಗ್ಗೆ ಯಾವ ರೋಗಿಗಳನ್ನು ಕೇಳಬೇಕು? ಸರಿಯುತ್ತರ: ಎಲ್ಲರನ್ನೂ, ಪ್ರತಿ ಭೇಟಿಯಲ್ಲೂ. ನಾನು ಕಣ್ಣು ಮಿಟುಕಿಸುವುದರೊಳಗೆ ಒತ್ತಿದೆ. ಹಸಿರು ದೀಪ ಬಂತು.

"ಇಷ್ಟು ಬೇಗ ಗೊತ್ತಾಯ್ತಾ?" ಎಂದಳು ಕಾಫಿ ತಂದ ಪದ್ಮಜ.

"ಇದೆಲ್ಲ ನಮಗೆ ಅ ಆ ಇ ಈ," ಎಂದೆ ನಾನು.

ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಸುಧಾರಣೆಗೆ ವಿಷಯ ಸಿಕ್ಕಿದಂತಾಯಿತು! ತಂಬಾಕಿನ ಬಗ್ಗೆ ನಾನು ಕೇಳಿ ಬರೆದುಕೊಂಡಿರುವ ರೋಗಿಗಳು ಎಷ್ಟು ಎಂದು ಮೊದಲು ಎಣಿಸುವುದು. ನೂರಕ್ಕೆ ತೊಂಬತ್ತರಷ್ಟು ಇರಬಹುದು. ಅದನ್ನು ನೂರಕ್ಕೆ ಏರಿಸಿ, ವರದಿ ಕಳಿಸಿ, ಕಾಲು ಚಾಚಿ ಕೂರುವುದು. ಹೀಗೆಂದುಕೊಂಡು ನಮ್ಮ ಸಿಸ್ಟರ್ ಐರಿನ್ ಅವರನ್ನು ಕರೆದೆ. ಮಂಗಳೂರಿನವರು, ಕ್ಲಿನಿಕ್ ತೆರೆದ ದಿನದಿಂದ ನನ್ನ ಜೊತೆಗಿದ್ದಾರೆ. ನನ್ನ ಬಗ್ಗೆ ಅವರಿಗೆ ಗೌರವವಿದೆ, ಭ್ರಮೆಯಿಲ್ಲ.

"ಸಿಸ್ಟರ್, ಯಾವುದಾದರೂ ಮೂವತ್ತು ಫೈಲು ತೆಗೆದು ತಂಬಾಕಿನ ಕಾಲಂ ನೋಡಿ."

ಅರ್ಧ ಗಂಟೆಯಲ್ಲಿ ಬಂದರು.

"ಮೂವತ್ತೂ ಖಾಲಿ ಉಂಟು ಡಾಕ್ಟ್ರೇ."

"ಒಂದೂ ಬರೆದಿಲ್ವಾ?"

"ಎಂತ ಇಲ್ಲ. ಶಾಲೆ ಶುರುವಾಗುವ ದಿನ ಹೊಸ ಪುಸ್ತಕ ಇರ್ತದಲ್ಲ, ಹಾಗೆ ನೀಟಾಗಿ ಉಂಟು."

ಸೊನ್ನೆ! ವ್ಯಸನ ಚಿಕಿತ್ಸೆಯ ಪ್ರಮಾಣಿತ ತಜ್ಞ, ಹತ್ತು ವರ್ಷ ಆ ಚಿನ್ನದ ಮುದ್ರೆಯ ಕೆಳಗೆ ಕೂತು, ಒಬ್ಬನೇ ಒಬ್ಬನನ್ನು "ನೀವು ಸಿಗರೇಟು ಸೇದುತ್ತೀರಾ?" ಎಂದು ಕೇಳಿರಲಿಲ್ಲ.

ಇದಕ್ಕೆ ಕಾರಣವಿತ್ತು. ಅಮೆರಿಕದಲ್ಲಿ ರೋಗಿ ಒಬ್ಬನೇ ಬರುತ್ತಾನೆ. ಕರಾಮದಲ್ಲಿ ಬರುವುದು ರೋಗಿಯಲ್ಲ, ನಿಯೋಗ. ಕೆಮ್ಮು ಒಬ್ಬರಿಗೆ, ಒಳಗೆ ಬರುವವರು ಐದು ಜನ. ಕೆಮ್ಮನ್ನು ವರ್ಣಿಸುವವರು ಹೆಂಡತಿ, ಹಿಂದೆ ಹೀಗೇ ಆಗಿತ್ತೆಂದು ಸಾಕ್ಷಿ ಹೇಳುವವರು ಭಾವಮೈದುನ. ಇಂಥ ಸಭೆಯಲ್ಲಿ ಯಜಮಾನನನ್ನು ಸಿಗರೇಟಿನ ಬಗ್ಗೆ ಕೇಳುವುದು ಮರ್ಯಾದಸ್ಥರ ಲಕ್ಷಣವೇ? ನಾನು ಹಳೆಯ ಕಾಲದವನು. ಕೇಳಲಿಲ್ಲ.

ಆದರೂ ಮರುದಿನವೇ ಧೈರ್ಯ ಮಾಡಿದೆ. ಬಂದವನು ಚೇತನ್, ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ಎಂಜಿನಿಯರು. ಅವನ ಜೊತೆಗೇ ಇರುವ ತಾಯಿ ವಿಮಲಮ್ಮನವರೂ ಪಕ್ಕದ ಕುರ್ಚಿಯಲ್ಲಿದ್ದರು. (ಇಬ್ಬರ ಹೆಸರೂ ಇವಲ್ಲ. ಇದನ್ನು ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ, ಅವರೇ ಆರಿಸಿದ ಹೆಸರು ಹಾಕಿದ್ದೇನೆ.) ಕೆಮ್ಮು ಎಂದ. ಗಂಟಲು ಸರಿಮಾಡಿಕೊಂಡು ಕೇಳಿದೆ:

"ತಂಬಾಕಿನ ಅಭ್ಯಾಸ ಏನಾದರೂ..."

"ತಂಬಾಕಾ!" ಎಂದರು ವಿಮಲಮ್ಮ. "ಡಾಕ್ಟ್ರೇ, ನಮ್ಮನೇಲಿ ಈರುಳ್ಳೀನೇ ತರಲ್ಲ!"

ಚೇತನ್ ಚಾವಣಿಯ ಫ್ಯಾನು ನೋಡಿದ. ನಾನು ಕಾಲಮ್ಮಿನಲ್ಲಿ "ಈರುಳ್ಳಿ ಇಲ್ಲ" ಎಂದು ಬರೆಯುವುದನ್ನು ಹೇಗೋ ತಡೆದುಕೊಂಡೆ.

ರೋಗಿಯನ್ನು ಒಂಟಿಯಾಗಿ ಹಿಡಿಯಬೇಕು. ಆದರೆ "ನೀವೆಲ್ಲ ಹೊರಗೆ ಹೋಗಿ" ಎಂದರೆ ನಿಯೋಗ ಗಾಬರಿಯಾಗುತ್ತದೆ. ಕ್ಯಾನ್ಸರೇ ಇರಬೇಕೆಂದು ಊರಿಗೆ ಫೋನು ಹೋಗುತ್ತದೆ. ಎರಡು ದಿನ ಯೋಚಿಸಿ, ನಾನು ಒಂದು ಅದ್ಭುತ ಉಪಾಯ ಕಂಡುಹಿಡಿದೆ. ತೂಕದ ಯಂತ್ರ! ಹಾಲ್‌ನಲ್ಲಿದ್ದ ಅದನ್ನು ಹಿಂದಿನ ಸಾಮಾನು ಕೋಣೆಗೆ ಸಾಗಿಸಿದೆ. ಆ ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಹಿಡಿಯುವುದಿಲ್ಲ. "ಬನ್ನಿ, ತೂಕ ನೋಡೋಣ" ಎಂದು ಕರೆದೊಯ್ಯುವುದು. ಯಂತ್ರದ ಮೇಲೆ ನಿಂತವನು ಓಡಿಹೋಗಲಾರ. ಆಗ ಮೆಲ್ಲಗೆ ಕೇಳುವುದು. ಹೌದು ಎಂದವನಿಗೆ ಬಿಡುವ ದಾರಿ ಹೇಳಿ, ಎರಡು ವಾರದ ನಂತರ "ಮತ್ತೊಮ್ಮೆ ತೂಕಕ್ಕೆ ಬನ್ನಿ" ಎಂದು ಮೆಸೇಜು ಕಳಿಸುವುದು.

"ಕೋಣೆ ತುಂಬ ಫಿನಾಯಿಲ್ ವಾಸನೆ ಉಂಟು ಡಾಕ್ಟ್ರೇ," ಎಂದರು ಸಿಸ್ಟರ್.

"ಒಂದು ಊದಿನಕಡ್ಡಿ ಹಚ್ಚಿಡಿ," ಎಂದು ಅಪ್ಪಣೆ ಮಾಡಿದೆ. ಈ ಅಪ್ಪಣೆಯನ್ನೂ ಓದುಗರು ನೆನಪಿನಲ್ಲಿಡಬೇಕು.

ಮೊದಲ ವಾರವೇ ಚೇತನ್ ರಿಪೋರ್ಟು ತೋರಿಸಲು ಬಂದ. ತಾಯಿಯನ್ನು ಹೊರಗೆ ಕೂರಿಸಿ ಕರೆದೊಯ್ದೆ. ಯಂತ್ರ ಹತ್ತಿದ.

"ಸಿಗರೇಟು?"

ಅವನು ಬಾಗಿಲ ಕಡೆ ನೋಡಿದ. "ದಿನಕ್ಕೆ ಆರು ಸರ್. ಪ್ಲೀಸ್, ಅಮ್ಮಂಗೆ ಹೇಳ್ಬೇಡಿ."

"ಅಭಿನಂದನೆಗಳು!" ಎಂದು ಅವನ ಕೈ ಕುಲುಕಿದೆ. ಹತ್ತು ವರ್ಷದಲ್ಲಿ ಸಿಕ್ಕ ಮೊದಲ ಮೀನು. ಹುಡುಗ ಯಂತ್ರದ ಮೇಲಿಂದ ಬೀಳುವುದೊಂದು ಬಾಕಿ.

"ಎಷ್ಟಪ್ಪ ತೂಕ?" ಎಂದರು ಹೊರಗಿದ್ದ ವಿಮಲಮ್ಮ.

ಚೇತನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ತೂಕ ಇಬ್ಬರೂ ನೋಡಿರಲಿಲ್ಲ.

"ನಾರ್ಮಲ್," ಎಂದೆ.

"ಕಾಲು ಗಂಟೆ ಹಿಡೀತಲ್ಲ ಡಾಕ್ಟ್ರೇ?"

"ಸರಿಯಾಗಿ ನೋಡಿದ್ವಿ."

ಅಕ್ಟೋಬರ್ ಪೂರ್ತಿ ನನ್ನ ಜೀವನದ ಸುವರ್ಣಯುಗ. ಕೇಳಬೇಕೆನಿಸಿದವರನ್ನೆಲ್ಲ ಕೇಳಿದೆ. ಕೆಮ್ಮಿದವರು, ತುಟಿ ಕಪ್ಪಾದವರು, ಬೆರಳು ಹಳದಿಯಾದವರು, ನೋಡಿದರೇ ಗೊತ್ತಾಗುವವರು. ಸಭ್ಯರನ್ನೂ ಹೆಂಗಸರನ್ನೂ ಬಿಟ್ಟೆ. ಅವರನ್ನು ಕೇಳುವುದು ಅಸಭ್ಯ. "ಮತ್ತೊಮ್ಮೆ ತೂಕಕ್ಕೆ ಬನ್ನಿ" ಮೆಸೇಜುಗಳು ಕರಾಮದಿಂದ ಸಿಲಿಕಾನ್ ಓಯಸಿಸ್‌ವರೆಗೆ ಹಾರಿದವು.

ನವೆಂಬರಿನ ಮೊದಲ ವಾರ ಜನ ಯಂತ್ರ ಹತ್ತುವುದನ್ನೇ ಬಿಟ್ಟರು. "ತೂಕ ಬೇಡ ಡಾಕ್ಟ್ರೇ, ಮನೇಲೇ ನೋಡ್ಕೊಂಡೆ" ಎಂದ ಒಬ್ಬ. "ಇವತ್ತು ಉಪವಾಸ, ತೂಕ ಸರಿ ಬರಲ್ಲ" ಎಂದ ಇನ್ನೊಬ್ಬ. ಅದೇ ಹೊತ್ತಿಗೆ ಹೆಂಗಸರು ಗಂಡಂದಿರನ್ನು ಮುಂದೆ ನೂಕಿಕೊಂಡು ಬರತೊಡಗಿದರು. "ಇವರಿಗೆ ರೋಗ ಏನಿಲ್ಲ ಡಾಕ್ಟ್ರೇ. ಸುಮ್ನೆ ಒಂದ್ಸಲ ತೂಕ ಹಾಕಿ. ಎರಡನೇ ಸಲ ಕರೀತೀರೋ ಇಲ್ವೋ ನೋಡೋಣ."

"ಏನು ಸಿಸ್ಟರ್ ಇದು?" ಎಂದೆ.

"ಲೇಡೀಸ್ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ ಡಾಕ್ಟ್ರೇ. ಒಬ್ಬರ ಗಂಡನ ಜೇಬಲ್ಲಿ ಸಿಗರೇಟು ಪ್ಯಾಕ್ ಸಿಕ್ತಂತೆ, ಅವರನ್ನು ಎರಡನೇ ತೂಕಕ್ಕೆ ಕರೆದಿದ್ರಂತೆ. ಇನ್ನೊಬ್ಬರ ಗಂಡನಿಗೂ ಹಾಗೇ ಆಯ್ತಂತೆ. ಮತ್ತೆ ಲೆಕ್ಕ ಹಾಕುದು ಎಷ್ಟು ಹೊತ್ತು? ಒಂದನೇ ತೂಕ ಎಲ್ಲರಿಗೆ. ಎರಡನೇ ತೂಕ ಸಿಗರೇಟು ಎಳೆಯುವವರಿಗೆ."

ಯಾರ ಗುಟ್ಟನ್ನೂ ಹೊರಗೆ ಬಿಡದ ನಾನು, ಎಲ್ಲರ ಗುಟ್ಟನ್ನೂ ಮೆಸೇಜು ಮಾಡಿ ಸಾರಿದ್ದೆ!

ಅನಾಹುತಕ್ಕೆ ಮೊದಲು ಬಲಿಯಾದವರು ಮುನೀರ್ ಸಾಹೇಬರು. ಭಟ್ಕಳದವರು, ರಾಸ್ ಅಲ್ ಖೋರ್‌ನಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ. ಸಕ್ಕರೆ ಕಾಯಿಲೆಯಿಂದ ಮೈ ಇಳಿಯುತ್ತಿತ್ತು. ಅವರ ತೂಕವನ್ನು ನಿಜವಾಗಿಯೂ ಮತ್ತೆ ನೋಡಬೇಕಿತ್ತು. ಮೆಸೇಜು ಹೋಯಿತು. ಮೆಸೇಜನ್ನು ಅವರ ಬೇಗಂ ಓದಿದರು.

ಹಾಲ್‌ನಲ್ಲಿ ಹತ್ತು ಜನ ಕೂತಿದ್ದಾಗ ಸಾಹೇಬರು ಬಾಗಿಲಲ್ಲಿ ನಿಂತು ಗುಡುಗಿದರು.

"ಡಾಕ್ಟರ್ ಸಾಬ್! ಮೂರು ದಿನ ಆಯ್ತು, ಮನೆಯಲ್ಲಿ ಮಾತಿಲ್ಲ. ಮೀನಿಲ್ಲ. ಖಲಾಸ್! ಈ ವಯಸ್ಸಲ್ಲಿ ನನಗೆ ಈ ಹೆಸರು ಯಾಕೆ? ನಾನು ಹುಟ್ಟಿದ ಮೇಲೆ ಬೀಡಿ ಮುಟ್ಟಿದವನಲ್ಲ!"

"ನಿಮ್ಮದು ಬರೀ ತೂಕ ಸಾಹೇಬ್ರೇ. ನಿಜವಾದ ತೂಕ," ಎಂದೆ.

"ಹಾಗಾದ್ರೆ ಬೇರೆಯವರದ್ದು ಸುಳ್ಳು ತೂಕವಾ?"

ಹಾಲ್‌ನಲ್ಲಿ ಹತ್ತು ತಲೆಗಳು ನನ್ನ ಕಡೆ ತಿರುಗಿದವು. ವೃತ್ತಿಯ ಗೌಪ್ಯತೆ ಕಾಪಾಡುತ್ತ ಈ ಪ್ರಶ್ನೆಗೆ ಉತ್ತರಿಸುವುದು ಹೇಗೆಂದು ಮಂಡಳಿ ಇದುವರೆಗೆ ಯಾವ ಪರೀಕ್ಷೆಯಲ್ಲೂ ಕೇಳಿಲ್ಲ.

"ಆ ಮಶೀನ್ ಹೊರಗೆ ತನ್ನಿ. ಎಲ್ಲರೆದುರು ನನ್ನ ತೂಕ ತೆಗೀರಿ. ಯಲ್ಲಾ, ಬೇಗ!" ಎಂದು ಸಾಹೇಬರು ಚಪ್ಪಲಿ ಬಿಟ್ಟು ನಿಂತರು.

ಅದೇ ಹೊತ್ತಿಗೆ ಪದ್ಮಜ ಒಳಗೆ ಬಂದಳು. ಅವಳು ಕ್ಲಿನಿಕ್ಕಿಗೆ ಬರುವವಳಲ್ಲ. ಕೈಯಲ್ಲಿ ಫೋನಿತ್ತು. ಸೀದಾ ನನ್ನೆದುರು ಬಂದು ನಿಂತಳು.

"ರೀ, ಊದಿ."

"ಏನು?"

"ಬಾಯಿ ತೆಗೆದು ಊದಿ ಅಂದೆ."

"ಪದ್ಮಜಾ, ಪೇಷೆಂಟ್‌ಗಳಿದಾರೆ..."

"ಗ್ರೂಪಲ್ಲಿ ಅವರೇ ಬರೆದಿರೋದು! ಡಾಕ್ಟ್ರು ದಿನಕ್ಕೆ ಇಪ್ಪತ್ತು ಸಲ ಆ ಕೋಣೆಗೆ ಹೋಗ್ತಾರಂತೆ, ಒಬ್ಬೊಬ್ಬ ಗಂಡಸನ್ನ ಕರ್ಕೊಂಡು ಹೋಗಿ ಬಾಗಿಲು ಹಾಕ್ಕೋತಾರಂತೆ, ಕಾಲು ಗಂಟೆ ಆದ್ಮೇಲೆ ಬರ್ತಾರಂತೆ, ವಾಸನೆ ಗೊತ್ತಾಗದ ಹಾಗೆ ಒಳಗೆ ಊದಿನಕಡ್ಡಿ ಹಚ್ಚಿರ್ತಾರಂತೆ! ಈಗ ಹೇಳಿ, ಊದ್ತೀರೋ ಇಲ್ವೋ?"

ಊದಿದೆ.

ಚಿನ್ನದ ಮುದ್ರೆಯ ಪ್ರಮಾಣಿತ ತಜ್ಞ, ಹತ್ತು ರೋಗಿಗಳ ಮುಂದೆ, ಬರಿಗಾಲಲ್ಲಿ ನಿಂತ ಮುನೀರ್ ಸಾಹೇಬರ ಸಮಕ್ಷಮದಲ್ಲಿ, ಪತ್ನಿಯ ಮೂಗಿನೆದುರು ಬಾಯಿ ತೆರೆದು "ಹಾ" ಎಂದೆ.

ಪದ್ಮಜ ಕಣ್ಣು ಮುಚ್ಚಿ ಪರಿಶೀಲಿಸಿದಳು. ಕ್ಲಿನಿಕ್ಕಿನಲ್ಲಿ ಉಸಿರು ಬಿಟ್ಟವನು ನಾನೊಬ್ಬನೇ.

"ಕೆಳಗಿನ ಹೋಟ್ಲಲ್ಲಿ ಮಸಾಲೆ ದೋಸೆ ತಿಂದಿದಾರೆ," ಎಂದು ತೀರ್ಪು ಕೊಟ್ಟಳು. "ಈರುಳ್ಳಿ."

"ನೋಡಿದ್ರಾ, ಹೆಂಗಸರಿಗೆ ನಂಬಿಕೆ ಇಲ್ಲ," ಎಂದು ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಂದಿನಿಂದ ನಾವು ಆಪ್ತರು.

ಸಂಜೆ ಕ್ಲಿನಿಕ್ ಖಾಲಿಯಾದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತೆ. ಡಿಸೆಂಬರ್ ಬಾಗಿಲಲ್ಲಿತ್ತು. ರೋಗಿಗಳು ಹೆದರಿದ್ದರು. ಹೀಗೇ ಆದರೆ ವರದಿಯಲ್ಲಿ ಬರೆಯಲು ಇರುವುದು "ಪತ್ನಿ ನನ್ನನ್ನು ಪರೀಕ್ಷಿಸಿದಳು, ತಂಬಾಕು ಪತ್ತೆಯಾಗಲಿಲ್ಲ" ಎಂಬ ಒಂದೇ ಸಾಲು. ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದೆ. ಅದನ್ನು ತೆಗೆದರೆ ಹಿಂದಿನ ಬಣ್ಣ ಬೇರೆ ಕಾಣುತ್ತದೆ, ಏನು ನೇತುಹಾಕುವುದು ಎಂದು ಕೂಡ ಯೋಚಿಸಿದೆ.

ಸಿಸ್ಟರ್ ಐರಿನ್ ಕಸದ ಡಬ್ಬಿ ಮುಚ್ಚುತ್ತ ಹೇಳಿದರು. "ಒಂದು ಹೇಳಲಾ ಡಾಕ್ಟ್ರೇ? ಬೇಜಾರ್ ಮಾಡ್ಬಾರ್ದು."

"ಹೇಳಿ."

"ನೀವು ನೋಡಿ ನೋಡಿ ಆರಿಸಿ ಕೇಳಿದ್ದಕ್ಕೆ ಅಲ್ವಾ ಈ ರಗಳೆ ಎಲ್ಲ? ಬಂದವರನ್ನು ಎಲ್ಲರನ್ನೂ ಕೇಳಿದ್ರೆ ಆಯ್ತಲ್ಲ. ಎಲ್ಲರನ್ನೂ ಎರಡು ಸಲ ಕರೆದ್ರೆ ಆಯ್ತಲ್ಲ. ಮತ್ತೆ ಯಾರ ಮೇಲೆ ಡೌಟ್ ಬರ್ತದೆ ಮಾರಾಯ್ರೇ?"

ಎಲ್ಲರನ್ನೂ, ಪ್ರತಿ ಭೇಟಿಯಲ್ಲೂ. ಎಲ್ಲೋ ಓದಿದ ಮಾತಿನಂತಿತ್ತು. ಎಲ್ಲಿ ಎಂಬುದು ಮನೆ ತಲುಪುವ ಹೊತ್ತಿಗೆ ನೆನಪಾಯಿತು. ಹಸಿರು ದೀಪ. ಅ ಆ ಇ ಈ!

ಮರುದಿನ ತೂಕದ ಯಂತ್ರ ಹಾಲ್‌ಗೆ ವಾಪಸು ಬಂತು. ಮೂಲೆಯಲ್ಲಿ ಪರದೆ ಕಟ್ಟಿ, ಸಿಸ್ಟರ್ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನಿಯೋಗದಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಪರದೆಯೊಳಗೆ ಹೋಗಬೇಕು. ಬಿ.ಪಿ. ಪಟ್ಟಿ ತೋಳಿಗೆ ಸುತ್ತಿ, ಗಾಳಿ ತುಂಬುತ್ತ, "ಎಳೀತೀರಾ, ಅಗೀತೀರಾ, ಮೂಗಿಗೆ ಏರಿಸ್ತೀರಾ?" ಎಂದು ಅವರು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು, ಊಟ ಆಯ್ತಾ ಎಂದು ಕೇಳಿದ ಹಾಗೆ. ಗಾಳಿ ತುಂಬಿದ ಪಟ್ಟಿಯಲ್ಲಿ ತೋಳು ಸಿಕ್ಕಿಕೊಂಡಿರುವಾಗ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ನನ್ನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಗಂಡಸರು ಹೋದರು, ಹೆಂಗಸರು ಹೋದರು, ಮುನೀರ್ ಸಾಹೇಬರು ಹೋದರು, ತಮ್ಮ ಬೇಗಂ ಅವರನ್ನೂ ಕಳಿಸಿದರು. ಮನೆಯಲ್ಲಿ ಮೀನು ಪುನರಾರಂಭವಾಯಿತೆಂದು ತಿಳಿದುಬಂತು.

ಡಿಸೆಂಬರಿನ ಎರಡನೇ ವಾರ ಚೇತನ್ ತಾಯಿಯ ಜೊತೆ ಬಂದ. ಈ ಸಲ ವಿಮಲಮ್ಮನವರಿಗೆ ಮಂಡಿ ನೋವು. ಪರದೆಯೊಳಗೆ ಹೋದರು. ಎರಡು ನಿಮಿಷ ಕಳೆದು ಸಿಸ್ಟರ್ ನನ್ನ ಕೋಣೆಗೆ ಬಂದು ಫೈಲು ಇಟ್ಟರು. ತಂಬಾಕಿನ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರ: ನಸ್ಯ. ದಿನಕ್ಕೆ ನಾಲ್ಕು ಚಿಟಿಕೆ. ಮೂವತ್ತು ವರ್ಷದಿಂದ.

"ಮಗನಿಗೆ ಹೇಳ್ಬೇಡಿ ಅಂದ್ರು ಡಾಕ್ಟ್ರೇ."

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಈರುಳ್ಳಿ ಕೂಡ ತರದ ಮನೆ! ಒಬ್ಬನು ತಾಯಿಗೆ ಹೇಳಬೇಡಿ ಎನ್ನುತ್ತಾನೆ, ಒಬ್ಬರು ಮಗನಿಗೆ ಹೇಳಬೇಡಿ ಎನ್ನುತ್ತಾರೆ. ಅವನು ಬಾಲ್ಕನಿಯಲ್ಲಿ, ಇವರು ದೇವರ ಮನೆಯಲ್ಲಿ. ನಾನು ಇಬ್ಬರಿಗೂ ಬೇರೆ ಬೇರೆಯಾಗಿ, ಒಂದೇ ಮಾತು ಹೇಳಿದೆ: "ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಬಿಡುವುದು ಸುಲಭ." ಗುಟ್ಟು ಬಿಡಲಿಲ್ಲ. ಇಬ್ಬರೂ ತಲೆಯಾಡಿಸಿದರು. ಹೋಗುವಾಗ ಮೆಟ್ಟಿಲ ಮೇಲೆ ಇಬ್ಬರೂ ಒಂದೇ ಸಲ "ನಿಂಗೊಂದು ವಿಷಯ ಹೇಳ್ಬೇಕು" ಎಂದರಂತೆ. ಕೆಳಗಿನ ಹೋಟೆಲಿನಲ್ಲಿ ಎರಡು ದೋಸೆ ತಣ್ಣಗಾಗುವಷ್ಟು ಹೊತ್ತು ಮಾತಾಡಿದರಂತೆ.

ವರದಿ ಬರೆಯಲು ಕೂತೆ. ಸುಧಾರಣೆಯ ಮೊದಲು: ಮೂವತ್ತರಲ್ಲಿ ಸೊನ್ನೆ. ಸುಧಾರಣೆಯ ನಂತರ: ಮೂವತ್ತರಲ್ಲಿ ಮೂವತ್ತು. ಇಷ್ಟು ಬರೆಯುವಾಗ ಎದೆ ಉಬ್ಬಿತು. ಕೊನೆಯಲ್ಲಿ ಎರಡು ಖಾನೆಗಳಿದ್ದವು. ಬದಲಾವಣೆಯನ್ನು ಸೂಚಿಸಿದವರು ಯಾರು? ಜಾರಿಗೆ ತಂದವರು ಯಾರು?

"ನಿಮ್ಮ ಹೆಸರೇ ಬರೀರಿ. ಅಮೆರಿಕದವರಿಗೆ ಏನು ಗೊತ್ತಾಗತ್ತೆ?" ಎಂದಳು ಪದ್ಮಜ.

"ಸುಳ್ಳು ಬರೆದರೆ ವೃತ್ತಿಧರ್ಮಕ್ಕೆ ಚ್ಯುತಿ."

"ಹಾಗಾದ್ರೆ ಊದಿಸಿದ್ದು ನಾನು ಅಂತಾನೂ ಬರೀರಿ."

ಎರಡೂ ಖಾನೆಗಳಲ್ಲಿ ಸಿಸ್ಟರ್ ಐರಿನ್ ಎಂದು ಬರೆದೆ. ಪದ್ಮಜಳಿಗೆ ಖಾನೆ ಇರಲಿಲ್ಲ.

ಮಂಡಳಿಯಿಂದ ಎರಡು ಸಾಲಿನ ಉತ್ತರ ಬಂತು. ವರದಿ ಸ್ವೀಕೃತ, ಪ್ರಮಾಣಪತ್ರ ಮುಂದುವರಿದಿದೆ. ಚೇತನ್ ಸಿಗರೇಟು ಬಿಟ್ಟಿದ್ದಾನೆ. ವಿಮಲಮ್ಮ ನಾಲ್ಕು ಚಿಟಿಕೆಯಿಂದ ಒಂದಕ್ಕೆ ಇಳಿದಿದ್ದಾರೆ. ಈಗ ಬರುವ ರೋಗಿಗಳು ಮೊದಲು ಪರದೆಯೊಳಗೆ ಹೋಗುತ್ತಾರೆ, ಸಮಯ ಉಳಿದರೆ ನನ್ನನ್ನೂ ನೋಡಿಕೊಂಡು ಹೋಗುತ್ತಾರೆ. ಚೌಕಟ್ಟು ಅದೇ ಗೋಡೆಯಲ್ಲಿದೆ. ತೂಕದ ಯಂತ್ರ ಹಾಲ್‌ನಲ್ಲಿದೆ.